ಸಿಂಗಪುರ–ನ್ಯೂಯಾರ್ಕ್ ವಿಮಾನ: ಎಷ್ಟು ದೂರ, ಎಷ್ಟು ಹೊತ್ತು? ಪದೇ ಪದೇ ಕೇಳುವ ಪ್ರಶ್ನೆಗಳು

ನಡುವೆ ಎಲ್ಲೂ ಇಳಿಯದೆ ಹಾರುವ ಪ್ರಯಾಣಿಕ ವಿಮಾನಗಳಲ್ಲಿ ಸದ್ಯಕ್ಕೆ ಅತಿ ಉದ್ದದ ದಾರಿ ಇದು. ಹಾಗಾಗಿ ಇದರ ಬಗ್ಗೆ ಪ್ರಶ್ನೆಗಳೂ ಜಾಸ್ತಿ. ದೂರ ಎಷ್ಟು ಅಂತ ಕೇಳಿದರೆ ಒಂದು ಸಾಲಿನ ಉತ್ತರ ಸಾಕು. ಆದರೆ ಆ ದೂರ ಎಷ್ಟು ಗಂಟೆಯಾಗುತ್ತದೆ, ಹೋಗುವಾಗ ಒಂದು ಹೊತ್ತು, ಬರುವಾಗ ಇನ್ನೊಂದು ಹೊತ್ತು ಯಾಕೆ, ಟಿಕೆಟ್ ಮೇಲಿನ ದಿನಾಂಕ ಯಾಕೆ ವಿಚಿತ್ರವಾಗಿ ಕಾಣುತ್ತದೆ ಅನ್ನುವುದನ್ನೆಲ್ಲ ಸ್ವಲ್ಪ ಬಿಡಿಸಿ ಹೇಳಬೇಕು.

ಸಿಂಗಪುರದಿಂದ ನ್ಯೂಯಾರ್ಕ್‌ಗೆ ವಿಮಾನದಲ್ಲಿ ಎಷ್ಟು ದೂರ?

ಸಿಂಗಪುರದ ಚಾಂಗಿ ಏರ್‌ಪೋರ್ಟ್‌ನಿಂದ ನ್ಯೂಯಾರ್ಕ್‌ನ ಜಾನ್ ಎಫ್. ಕೆನಡಿ ಏರ್‌ಪೋರ್ಟ್‌ಗೆ ಸುಮಾರು 15,349 ಕಿ.ಮೀ. ಮೈಲಿಯಲ್ಲಿ ಹೇಳಿದರೆ 9,537. ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿಯಲ್ಲಿ ಸುಮಾರು 8,288. ಇದು ಭೂಮಿಯ ಮೇಲ್ಮೈ ಮೇಲೆ ಅಳೆದ ಅತಿ ಹತ್ತಿರದ ದೂರ.

ಭೂಮಿಯ ಮೇಲೆ ಯಾವುದೇ ಎರಡು ಊರುಗಳ ನಡುವೆ ಹೆಚ್ಚೆಂದರೆ 20,000 ಕಿ.ಮೀ. ದೂರ ಇರಬಹುದು. ಅದಕ್ಕಿಂತ ದೂರ ಹೋದರೆ ಮತ್ತೆ ಹತ್ತಿರ ಬರುತ್ತಾ ಇರುತ್ತೇವೆ. ಆ ಲೆಕ್ಕದಲ್ಲಿ ಈ ಒಂದೇ ವಿಮಾನ ಮುಕ್ಕಾಲು ಭಾಗಕ್ಕೂ ಹೆಚ್ಚು ದೂರವನ್ನು ಒಂದೇ ಏಟಿಗೆ ಹಾರುತ್ತದೆ.

ಒಂದೊಂದು ಕಡೆ ಒಂದೊಂದು ಸಂಖ್ಯೆ ಇರುತ್ತದಲ್ಲ, ಯಾವುದನ್ನು ನಂಬಬೇಕು?

ಬಹಳ ಸಲ ಎಲ್ಲವೂ ಸರಿಯೇ. ಅಳೆಯುವ ತುದಿಗಳು ಬೇರೆ ಇರುತ್ತವೆ, ಅಷ್ಟೇ. ಕೆಲವರು ನಗರದ ಮಧ್ಯದಿಂದ ನಗರದ ಮಧ್ಯಕ್ಕೆ ಅಳೆಯುತ್ತಾರೆ, ಕೆಲವರು ಏರ್‌ಪೋರ್ಟ್‌ನಿಂದ ಏರ್‌ಪೋರ್ಟ್‌ಗೆ. ನ್ಯೂಯಾರ್ಕ್ ವಿಷಯದಲ್ಲಂತೂ ಎರಡು ಏರ್‌ಪೋರ್ಟ್‌ಗಳಿಗೆ ಈ ವಿಮಾನ ಹೋಗುತ್ತದೆ. ಒಂದು ಕೆನಡಿ, ಇನ್ನೊಂದು ಪಕ್ಕದ ನ್ಯೂಜೆರ್ಸಿ ರಾಜ್ಯದ ನೆವಾರ್ಕ್. ನೆವಾರ್ಕ್‌ಗೆ ದೂರ 15,344 ಕಿ.ಮೀ. ಅಂದರೆ ಐದು ಕಿ.ಮೀ. ಕಡಿಮೆ. "ಜಗತ್ತಿನ ಅತಿ ಉದ್ದದ ವಿಮಾನ" ಅನ್ನುವ ಹೆಸರು ಕೆನಡಿಯ ಪಾಲಾಗಿರುವುದು ಈ ಐದು ಕಿ.ಮೀ.ಯಿಂದ!

ಇನ್ನೊಂದು ಕಾರಣ ಭೂಮಿಯ ಆಕಾರ. ಭೂಮಿ ಪೂರ್ತಿ ದುಂಡಗಿಲ್ಲ, ಧ್ರುವಗಳ ಕಡೆ ಸ್ವಲ್ಪ ಚಪ್ಪಟೆ. ಸಮಭಾಜಕದ ಹತ್ತಿರ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357 ಕಿ.ಮೀ. ಪೂರ್ತಿ ದುಂಡಗಿದೆ ಅಂತ ಲೆಕ್ಕ ಹಾಕಿದ ಸಂಖ್ಯೆಗೂ, ಚಪ್ಪಟೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಸಂಖ್ಯೆಗೂ ಕೆಲವು ಕಿ.ಮೀ. ವ್ಯತ್ಯಾಸ ಬರುತ್ತದೆ. ಪ್ರಯಾಣ ಮಾಡುವವರಿಗೆ ಇದರಿಂದ ಆಗಬೇಕಾದ್ದು ಏನೂ ಇಲ್ಲ.

ಒಂದನ್ನು ಮಾತ್ರ ಗಮನಿಸಿ. ಸಂಖ್ಯೆ ಮೈಲಿಯಲ್ಲಿದೆಯೋ ನಾಟಿಕಲ್ ಮೈಲಿಯಲ್ಲಿದೆಯೋ ನೋಡಿಕೊಳ್ಳಿ. ಒಂದು ಮೈಲಿ ಅಂದರೆ 1.609 ಕಿ.ಮೀ., ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಇವೆರಡನ್ನು ಅದಲುಬದಲು ಮಾಡಿದರೆ ಈ ದಾರಿಯಲ್ಲಿ ಎರಡು ಸಾವಿರ ಕಿ.ಮೀ.ಗಿಂತ ಜಾಸ್ತಿ ಹೆಚ್ಚುಕಡಿಮೆ ಆಗಿಬಿಡುತ್ತದೆ.

ಹಾಗಾದರೆ ಎಷ್ಟು ಗಂಟೆ ಬೇಕು?

ನಾನ್‌ಸ್ಟಾಪ್ ಆದರೆ ವೇಳಾಪಟ್ಟಿಯಲ್ಲಿ ಹದಿನೆಂಟರಿಂದ ಹತ್ತೊಂಬತ್ತು ಗಂಟೆಯ ನಡುವೆ ಕಾಣುತ್ತದೆ. ಯಾವ ತಿಂಗಳು, ಯಾವ ದಿಕ್ಕು ಅನ್ನುವುದರ ಮೇಲೆ ಅರ್ಧ ಗಂಟೆ ಆಚೀಚೆ.

ವೇಳಾಪಟ್ಟಿಯ ಹೊತ್ತು ಅಂದರೆ ಗೇಟ್‌ನಿಂದ ಗೇಟ್‌ಗೆ. ಬಾಗಿಲು ಹಾಕಿ ವಿಮಾನ ಹಿಂದಕ್ಕೆ ಸರಿದ ಕ್ಷಣದಿಂದ ಆ ಕಡೆ ಗೇಟ್‌ಗೆ ಬಂದು ನಿಲ್ಲುವವರೆಗೆ. ರನ್‌ವೇವರೆಗೆ ಓಡುವುದು, ಸರದಿಯಲ್ಲಿ ಕಾಯುವುದು ಎಲ್ಲ ಇದರಲ್ಲೇ ಸೇರಿದೆ. ಕೆನಡಿಯಂಥ ಜನಜಂಗುಳಿಯ ಏರ್‌ಪೋರ್ಟ್‌ನಲ್ಲಿ ಇದಕ್ಕೇ ಬಹಳ ಹೊತ್ತು ಹೋಗುತ್ತದೆ. ಆಕಾಶದಲ್ಲಿ ನಿಜವಾಗಿ ಇರುವ ಹೊತ್ತು ಕಡಿಮೆ. 2018ರ ಅಕ್ಟೋಬರ್ 11ರಂದು ಈಗಿನ ಸೇವೆ ಶುರುವಾದಾಗ ಸಿಂಗಪುರದಿಂದ ಹೊರಟ ಮೊದಲ ವಿಮಾನ ಹದಿನೆಂಟು ಗಂಟೆಗೂ ಸ್ವಲ್ಪ ಮೊದಲೇ ನೆವಾರ್ಕ್‌ನಲ್ಲಿ ಇಳಿದಿತ್ತು.

ವಿಮಾನ ಕಂಪನಿಗಳು ವೇಳಾಪಟ್ಟಿಯಲ್ಲಿ ಕೊಂಚ ಸಡಿಲ ಬಿಟ್ಟಿರುತ್ತವೆ ಅನ್ನುವುದೂ ನಿಜ. "ನಿಗದಿಗಿಂತ ಇಪ್ಪತ್ತು ನಿಮಿಷ ಬೇಗ ಇಳಿದಿದ್ದೇವೆ" ಅಂತ ಪೈಲಟ್ ಹೇಳಿದಾಗ ಖುಷಿ ಪಡಿ, ಆದರೆ ಆ ಇಪ್ಪತ್ತು ನಿಮಿಷ ಮೊದಲೇ ಸೇರಿಸಿಟ್ಟದ್ದೂ ಆಗಿರಬಹುದು.

ದೂರ ಗೊತ್ತಿದ್ದರೆ ಹೊತ್ತನ್ನು ನಾನೇ ಲೆಕ್ಕ ಹಾಕಬಹುದಾ?

ಅಂದಾಜಿಗೆ ಹಾಕಬಹುದು. ಕಿ.ಮೀ.ಯನ್ನು 850ರಿಂದ ಭಾಗಿಸಿ, ಅರ್ಧ ಗಂಟೆ ಸೇರಿಸಿ. 15,349 ಭಾಗಿಸು 850 ಅಂದರೆ ಹತ್ತಿರ ಹತ್ತಿರ 18. ಅರ್ಧ ಗಂಟೆ ಸೇರಿಸಿದರೆ ಹದಿನೆಂಟೂವರೆ. ವೇಳಾಪಟ್ಟಿಗೆ ಸರಿಯಾಗಿ ಹೊಂದುತ್ತದೆ, ಅಲ್ವಾ? ಆ ಅರ್ಧ ಗಂಟೆ ಮೇಲೇರುವುದಕ್ಕೆ, ಕೆಳಗಿಳಿಯುವುದಕ್ಕೆ. ಆಗ ವೇಗ ಕಡಿಮೆ ಇರುತ್ತದೆ.

ದೂರ ಹೇಳುವ ವೆಬ್‌ಸೈಟುಗಳು ಮಾಡುವುದೂ ಹೆಚ್ಚೂಕಡಿಮೆ ಇದನ್ನೇ. ಒಂದು ವೇಗ ಹಿಡಿದುಕೊಂಡು ಭಾಗಿಸುತ್ತವೆ. 800 ಹಿಡಿದರೆ ಒಂದು ಉತ್ತರ, 900 ಹಿಡಿದರೆ ಇನ್ನೊಂದು. ಅಲ್ಲಿ ಕಾಣುವ "17 ಗಂಟೆ 33 ನಿಮಿಷ" ಥರದ ನಿಖರತೆಗೆ ಮರುಳಾಗಬೇಡಿ. ಗಾಳಿಯನ್ನೂ ದಾರಿಯನ್ನೂ ಬಿಟ್ಟು ಹಾಕಿದ ಲೆಕ್ಕದಲ್ಲಿ ನಿಮಿಷಗಳಿಗೆ ಅರ್ಥವಿಲ್ಲ.

ನಕ್ಷೆಯಲ್ಲಿ ನೋಡಿದರೆ ಪಶ್ಚಿಮಕ್ಕೋ ಪೂರ್ವಕ್ಕೋ ನೇರ ಹೋಗಬೇಕು ಅನ್ನಿಸುತ್ತದೆ. ಅತಿ ಹತ್ತಿರದ ದಾರಿ ಉತ್ತರ ಧ್ರುವದ ಪಕ್ಕದಲ್ಲಿ ಅಂತಾರಲ್ಲ?

ಹೌದು, ಈ ಎರಡು ಊರುಗಳ ವಿಷಯದಲ್ಲಿ ಅದು ತುಂಬಾ ಚೆನ್ನಾಗಿ ಕಾಣುತ್ತದೆ. ಸಿಂಗಪುರ ಪೂರ್ವ ರೇಖಾಂಶ 104 ಡಿಗ್ರಿಯ ಹತ್ತಿರ ಇದೆ. ನ್ಯೂಯಾರ್ಕ್ ಪಶ್ಚಿಮ ರೇಖಾಂಶ 74 ಡಿಗ್ರಿಯ ಹತ್ತಿರ. ಎರಡನ್ನೂ ಕೂಡಿಸಿದರೆ 178. ಭೂಮಿಯ ಸರಿಯಾಗಿ ಆ ಬದಿ, ಈ ಬದಿ ಅಂದರೆ 180. ಎರಡೇ ಡಿಗ್ರಿ ಕಡಿಮೆ! ಅಂದರೆ ಈ ಎರಡು ನಗರಗಳು ಭೂಮಿಯ ಎದುರುಬದುರು ಪಕ್ಕದಲ್ಲಿವೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಭೂಮಿಯ ನೆತ್ತಿಯ ಮೇಲೆ ಹಾದು ಹೋಗುವುದೇ ಹತ್ತಿರ.

ಮನೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರವನ್ನು ಎರಡು ಊರುಗಳ ಮೇಲಿಟ್ಟು ಬಿಗಿಯಾಗಿ ಎಳೆದು ನೋಡಿ. ದಾರ ಸಿಂಗಪುರದಿಂದ ಬಹುತೇಕ ನೇರ ಉತ್ತರಕ್ಕೆ ಹೋಗುತ್ತದೆ. ಲಾವೋಸ್, ಚೀನಾ, ಮಂಗೋಲಿಯಾ, ಸೈಬೀರಿಯಾ ದಾಟಿ ಆರ್ಕ್ಟಿಕ್ ಸಾಗರಕ್ಕೆ ಬರುತ್ತದೆ. ಧ್ರುವದಿಂದ 300 ಕಿ.ಮೀ.ಗಿಂತ ಕಡಿಮೆ ದೂರದಲ್ಲಿ ಹಾದು, ಕೆನಡಾದ ಮೇಲೆ ದಕ್ಷಿಣಕ್ಕೆ ಇಳಿದು ನ್ಯೂಯಾರ್ಕ್ ಮುಟ್ಟುತ್ತದೆ.

ಗೋಡೆಯ ನಕ್ಷೆಯಲ್ಲಿ ಇದು ಗೊತ್ತಾಗುವುದೇ ಇಲ್ಲ. ನಾವು ಹೆಚ್ಚಾಗಿ ನೋಡುವ ನಕ್ಷೆಯ ಮಾದರಿಯನ್ನು ಮರ್ಕೇಟರ್ 1569ರಲ್ಲಿ ಹಡಗಿನವರಿಗೆ ಅಂತ ಮಾಡಿದ. ದಿಕ್ಸೂಚಿ ಹಿಡಿದು ಒಂದೇ ದಿಕ್ಕಿನಲ್ಲಿ ಸಾಗಲು ಅದು ಬಹಳ ಅನುಕೂಲ. ದೂರ ಹೋಲಿಸಲು ಮಾತ್ರ ಅಲ್ಲ. ಧ್ರುವದ ಕಡೆ ಹೋದ ಹಾಗೆ ಎಲ್ಲವನ್ನೂ ಎಳೆದು ಹಿಗ್ಗಿಸಿಬಿಡುತ್ತದೆ. ಧ್ರುವವಂತೂ ಅದರಲ್ಲಿ ಇಲ್ಲವೇ ಇಲ್ಲ.

ಅಂದರೆ ವಿಮಾನ ಧ್ರುವದ ಮೇಲೇ ಹಾರುತ್ತದಾ?

ಕೆಲವೊಮ್ಮೆ ಆ ಕಡೆಯಿಂದ ಹೋಗುವುದುಂಟು, ಆದರೆ ದಿನಾ ಅಲ್ಲ. ಈ ಪುಟದ ಮುಖ್ಯ ವಿಷಯವೇ ಇದು. ಅತಿ ಹತ್ತಿರದ ದಾರಿಯೇ ಅತಿ ಬೇಗ ಮುಟ್ಟುವ ದಾರಿ ಆಗಬೇಕಿಲ್ಲ.

ಸಿಂಗಪುರದಿಂದ ನ್ಯೂಯಾರ್ಕ್‌ಗೆ ಹೋಗುವ ವಿಮಾನ ಸಾಮಾನ್ಯವಾಗಿ ಪೂರ್ವಕ್ಕೆ ತಿರುಗುತ್ತದೆ. ಜಪಾನ್ ಕಡೆಯಿಂದ ಉತ್ತರ ಪೆಸಿಫಿಕ್ ದಾಟಿ, ಅಲಾಸ್ಕಾ ಅಥವಾ ಕೆನಡಾ ಮೇಲೆ ಹಾದು ಬರುತ್ತದೆ. ಈ ದಾರಿ 15,349 ಕಿ.ಮೀ.ಗಿಂತ ಸಾವಿರ ಕಿ.ಮೀ.ಗೂ ಹೆಚ್ಚು ಉದ್ದ. ಆದರೂ ಅದೇ ಲಾಭ, ಯಾಕೆಂದರೆ ಅಲ್ಲಿ ಗಾಳಿ ಬೆನ್ನಿಗೆ ಇರುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಗಾಳಿಯೇ ಇಲ್ಲ ಅಂದುಕೊಂಡು 15,349 ಕಿ.ಮೀ.ಯನ್ನು ಗಂಟೆಗೆ 900 ಕಿ.ಮೀ. ವೇಗದಲ್ಲಿ ಹಾರಿದರೆ ಸುಮಾರು 17 ಗಂಟೆ. ಈಗ ಸುತ್ತುದಾರಿ 16,700 ಕಿ.ಮೀ. ಅಂದುಕೊಳ್ಳಿ. ದಾರಿಯುದ್ದಕ್ಕೂ ಸರಾಸರಿ ಗಂಟೆಗೆ 80 ಕಿ.ಮೀ. ಗಾಳಿ ಹಿಂದಿನಿಂದ ತಳ್ಳಿದರೆ ನೆಲದ ಲೆಕ್ಕದಲ್ಲಿ ವೇಗ 980 ಆಯಿತು. ಆಗಲೂ ಹಿಡಿಯುವುದು 17 ಗಂಟೆಯೇ. ಸಾವಿರದ ಮುನ್ನೂರು ಕಿ.ಮೀ. ಜಾಸ್ತಿ ಹೋದರೂ ಒಂದು ನಿಮಿಷ ನಷ್ಟವಿಲ್ಲ. ಗಾಳಿ ಇನ್ನೂ ಜೋರಾಗಿದ್ದರೆ ಸುತ್ತುದಾರಿಯೇ ಗೆಲ್ಲುತ್ತದೆ.

ನ್ಯೂಯಾರ್ಕ್‌ನಿಂದ ವಾಪಸು ಬರುವಾಗ ಅದೇ ಪೆಸಿಫಿಕ್ ದಾರಿ ಹಿಡಿದರೆ ಅದೇ ಗಾಳಿ ಮುಖಕ್ಕೆ ಹೊಡೆಯುತ್ತದೆ. ಹಾಗಾಗಿ ಅಲ್ಲಿಂದಲೂ ಪೂರ್ವಕ್ಕೇ ಹೊರಟು ಅಟ್ಲಾಂಟಿಕ್, ಯುರೋಪ್ ದಾಟಿ ಏಷ್ಯಾಕ್ಕೆ ಬರುವುದುಂಟು. ಒಂದೇ ವಿಮಾನ ಹೋಗಿ ಬಂದರೆ ಭೂಮಿಗೆ ಒಂದು ಪೂರ್ತಿ ಸುತ್ತು ಹಾಕಿದಂತಾಗುತ್ತದೆ! ಯಾವ ದಿನ ಯಾವ ದಾರಿ ಅನ್ನುವುದನ್ನು ಹೊರಡುವ ಕೆಲವು ಗಂಟೆ ಮೊದಲು ಆ ದಿನದ ಗಾಳಿಯ ಮುನ್ಸೂಚನೆ ನೋಡಿ ನಿರ್ಧರಿಸುತ್ತಾರೆ.

ಆ ಗಾಳಿ ಅಷ್ಟು ಜೋರಾಗಿರುತ್ತದಾ?

ಇದಕ್ಕೆ ಜೆಟ್ ಸ್ಟ್ರೀಮ್ ಅಂತ ಹೆಸರು. ನೆಲದಿಂದ ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿಯ ಪಟ್ಟಿ. ದೊಡ್ಡ ವಿಮಾನಗಳು ಹಾರುವುದೂ ಅದೇ ಎತ್ತರದಲ್ಲಿ. ಚಳಿಗಾಲದಲ್ಲಿ ಇದರ ಜೋರು ಜಾಸ್ತಿ. ಗಂಟೆಗೆ 200 ಕಿ.ಮೀ. ದಾಟುವುದು ಅಪರೂಪವೇನಲ್ಲ, 300 ದಾಟುವುದೂ ಉಂಟು.

2020ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್ ಮೇಲೆ ಇಂಥದ್ದೊಂದು ಗಾಳಿ ಸಿಕ್ಕಿತ್ತು. ನ್ಯೂಯಾರ್ಕ್‌ನಿಂದ ಲಂಡನ್‌ಗೆ ಹೊರಟ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಐದು ಗಂಟೆಯೊಳಗೆ, ಅಂದರೆ 4 ಗಂಟೆ 56 ನಿಮಿಷದಲ್ಲಿ ತಲುಪಿತು. ನೆಲದ ಲೆಕ್ಕದಲ್ಲಿ ಅದರ ವೇಗ ಒಂದು ಹಂತದಲ್ಲಿ ಗಂಟೆಗೆ 1,300 ಕಿ.ಮೀ. ದಾಟಿತ್ತು.

ಹಾಗಾದರೆ ಶಬ್ದದ ವೇಗ ಮೀರಿತಾ ಅಂತ ಕೇಳಬಹುದು. ಇಲ್ಲ. ಹರಿಯುವ ಹೊಳೆಯಲ್ಲಿ ಕೆಳಮುಖವಾಗಿ ಹುಟ್ಟು ಹಾಕಿದರೆ ದೋಣಿ ದಡದವರಿಗೆ ಬಹಳ ಜೋರಾಗಿ ಕಾಣುತ್ತದೆ, ನೀರಿನ ಲೆಕ್ಕದಲ್ಲಿ ಮಾಮೂಲಿ ವೇಗವೇ. ಇಲ್ಲೂ ಅಷ್ಟೇ. ಸುತ್ತಲಿನ ಗಾಳಿಗೆ ಹೋಲಿಸಿದರೆ ವಿಮಾನ ತನ್ನ ಎಂದಿನ ವೇಗದಲ್ಲೇ ಇತ್ತು. ಅದರ ರೆಕ್ಕೆಗೆ ಗೊತ್ತಾಗುವುದು ಗಾಳಿಯ ಲೆಕ್ಕ ಮಾತ್ರ.

ಭೂಮಿ ತಿರುಗುತ್ತಿರುತ್ತದಲ್ಲ, ಅದರಿಂದ ಒಂದು ದಿಕ್ಕಿನಲ್ಲಿ ಬೇಗ ತಲುಪುವುದಿಲ್ಲವಾ?

ನೇರವಾಗಿ ಇಲ್ಲ. ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ಗಾಳಿಯಲ್ಲಿರುವ ವಿಮಾನವೂ ತಿರುಗುತ್ತದೆ. ಸುಮ್ನೆ ಮೇಲೇರಿ ನಿಂತರೆ ಕೆಳಗಿನ ಊರು ಜರುಗಿ ಹೋಗುವುದಿಲ್ಲ. ಆದರೆ ಜೆಟ್ ಸ್ಟ್ರೀಮ್ ಪೂರ್ವಕ್ಕೇ ಬೀಸಲು ಕಾರಣ ಭೂಮಿಯ ತಿರುಗುವಿಕೆ. ಸಮಭಾಜಕದ ಬಿಸಿ ಗಾಳಿ ಧ್ರುವದ ಕಡೆ ಹೊರಟಾಗ ತಿರುಗುವಿಕೆಯಿಂದ ಪೂರ್ವಕ್ಕೆ ಬಾಗುತ್ತದೆ. ಆ ಬಳಸುದಾರಿಯಲ್ಲಿ ನೋಡಿದರೆ ಪ್ರಶ್ನೆ ಪೂರ್ತಿ ತಪ್ಪಲ್ಲ.

ಸಂಜೆ ಹೊರಟು ಮರುದಿನ ಬಿಟ್ಟು ಅದರ ಮರುದಿನ ತಲುಪುತ್ತೇನೆ ಅಂತ ಟಿಕೆಟ್ ಹೇಳುತ್ತಿದೆ. ಹೇಗೆ?

ಟಿಕೆಟ್ ಮೇಲಿನ ಹೊತ್ತು ಯಾವಾಗಲೂ ಆಯಾ ಊರಿನ ಗಡಿಯಾರದ ಹೊತ್ತು. ಹೊರಡುವುದು ಹೊರಡುವ ಊರಿನದು, ತಲುಪುವುದು ತಲುಪುವ ಊರಿನದು. ಎರಡನ್ನೂ ಕಳೆದರೆ ಪ್ರಯಾಣದ ಗಂಟೆ ಸಿಗುವುದಿಲ್ಲ.

ಸಿಂಗಪುರ ಜಾಗತಿಕ ಸಮಯಕ್ಕಿಂತ 8 ಗಂಟೆ ಮುಂದೆ. ನ್ಯೂಯಾರ್ಕ್ ಚಳಿಗಾಲದಲ್ಲಿ 5 ಗಂಟೆ ಹಿಂದೆ. ಒಟ್ಟು ಅಂತರ 13 ಗಂಟೆ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ವಾಪಸು ತರುತ್ತಾರೆ. ಆ ತಿಂಗಳುಗಳಲ್ಲಿ ಅಂತರ 12 ಗಂಟೆ. ಸಿಂಗಪುರದಲ್ಲಿ ಈ ಪದ್ಧತಿ ಇಲ್ಲ.

ಈಗ ಜನವರಿಯ ಒಂದು ಉದಾಹರಣೆ. ನ್ಯೂಯಾರ್ಕ್‌ನಿಂದ ಸೋಮವಾರ ರಾತ್ರಿ 10:30ಕ್ಕೆ ಹೊರಟು 18 ಗಂಟೆ 40 ನಿಮಿಷ ಹಾರಿದಿರಿ ಅಂದುಕೊಳ್ಳಿ. ಆಗ ನ್ಯೂಯಾರ್ಕ್‌ನಲ್ಲಿ ಮಂಗಳವಾರ ಸಂಜೆ 5:10. ಅದಕ್ಕೆ 13 ಸೇರಿಸಿ. ಸಿಂಗಪುರದಲ್ಲಿ ಬುಧವಾರ ಬೆಳಿಗ್ಗೆ 6:10. ಮಂಗಳವಾರ ಪೂರ್ತಿ ಗಾಳಿಯಲ್ಲೇ ಕಳೆದುಹೋಯಿತು.

ವಾಪಸು ಹೋಗುವಾಗ ಉಲ್ಟಾ. ಸಿಂಗಪುರದಿಂದ ಸೋಮವಾರ ರಾತ್ರಿ 11:35ಕ್ಕೆ ಹೊರಟು 18 ಗಂಟೆ ಹಾರಿದರೆ ಅಲ್ಲಿ ಮಂಗಳವಾರ ಸಂಜೆ 5:35. 13 ಕಳೆಯಿರಿ. ನ್ಯೂಯಾರ್ಕ್‌ನಲ್ಲಿ ಮಂಗಳವಾರ ಬೆಳಗಿನ ಜಾವ 4:35. ಗಡಿಯಾರ ನೋಡಿದರೆ ಐದೇ ಗಂಟೆಯ ಪ್ರಯಾಣ! ಕಾಲು ಮಾತ್ರ ಇದನ್ನು ಒಪ್ಪುವುದಿಲ್ಲ.

ಹೋಟೆಲ್ ಬುಕ್ ಮಾಡುವವರು, ಕರೆದುಕೊಂಡು ಹೋಗಲು ಬರುವವರು ಇಲ್ಲೇ ಎಡವುವುದು. ತಲುಪುವ ಹೊತ್ತಿನ ಪಕ್ಕ ಚಿಕ್ಕದಾಗಿ "+1" ಅಥವಾ "+2" ಅಂತ ಇರುತ್ತದೆ. ಅದು ಎಷ್ಟು ದಿನ ಮುಂದೆ ಅನ್ನುವ ಗುರುತು. ಅದನ್ನು ನೋಡದೆ ಏನನ್ನೂ ಬುಕ್ ಮಾಡಬೇಡಿ.

ಒಂದು ಅಡ್ಡಮಾತು. ರೇಖಾಂಶದ ಲೆಕ್ಕದಲ್ಲಿ ಸಿಂಗಪುರ 7 ಗಂಟೆ ಮುಂದೆ ಇರಬೇಕಿತ್ತು. 1982ರಿಂದ ಅದು 8 ಗಂಟೆಯ ಲೆಕ್ಕ ಇಟ್ಟುಕೊಂಡಿದೆ. ಹಾಗಾಗಿಯೇ ಸಮಭಾಜಕದ ಪಕ್ಕದಲ್ಲಿದ್ದರೂ ಅಲ್ಲಿ ಸೂರ್ಯ ಹುಟ್ಟುವುದು ಆರಕ್ಕಲ್ಲ, ಏಳರ ಸುಮಾರಿಗೆ. ಬೆಳಿಗ್ಗೆ 6:10ಕ್ಕೆ ಇಳಿದವರಿಗೆ ಹೊರಗೆ ಇನ್ನೂ ಕತ್ತಲೆ.

ಪೆಸಿಫಿಕ್ ಮೇಲೆ ಹೋದರೆ ದಿನಾಂಕ ರೇಖೆ ದಾಟುತ್ತೇವೆ, ಅಟ್ಲಾಂಟಿಕ್ ಮೇಲೆ ಹೋದರೆ ಇಲ್ಲ. ತಲುಪುವ ದಿನ ಬದಲಾಗುತ್ತದಾ?

ಇಲ್ಲ. ಯಾವ ದಾರಿ ಹಿಡಿದರೂ ತಲುಪಿದ ಊರಲ್ಲಿ ಆಗ ಯಾವ ದಿನವೋ ಅದೇ ದಿನ. ಪೂರ್ವಕ್ಕೆ ಹೋಗುತ್ತಾ ಗಂಟೆ ಗಂಟೆಯಾಗಿ ಗಡಿಯಾರ ಮುಂದೆ ಹೋಗುತ್ತದೆ, ರೇಖೆ ದಾಟಿದಾಗ ಒಂದು ದಿನ ಹಿಂದೆ ಬರುತ್ತದೆ. ಪಶ್ಚಿಮಕ್ಕೆ ಹೋದರೆ ಗಂಟೆ ಗಂಟೆಯಾಗಿ ಹಿಂದೆ. ಕೊನೆಗೆ ಎರಡೂ ಒಂದೇ ಕಡೆ ಬಂದು ನಿಲ್ಲುತ್ತವೆ.

ಅಷ್ಟು ಹೊತ್ತಿನಲ್ಲಿ ಹಗಲು ಎಷ್ಟು, ರಾತ್ರಿ ಎಷ್ಟು?

ಮೇಲಿನ ಜನವರಿ ಉದಾಹರಣೆಯನ್ನೇ ತೆಗೆದುಕೊಳ್ಳಿ. ಸಿಂಗಪುರದಿಂದ ರಾತ್ರಿ ಹೊರಟು ಪೆಸಿಫಿಕ್ ದಾರಿ ಹಿಡಿದರೆ ಸುಮಾರು ಆರು ಗಂಟೆ ಕಳೆದು ಜಪಾನ್ ಹತ್ತಿರ ಬೆಳಗಾಗುತ್ತದೆ. ಅಲ್ಲಿಂದ ಪೂರ್ವಕ್ಕೆ, ಅಂದರೆ ಸಂಜೆಯ ಎದುರಿಗೇ ಹಾರುತ್ತಿರುತ್ತೀರಿ. ಚಳಿಗಾಲದಲ್ಲಿ ಉತ್ತರದಲ್ಲಿ ಹಗಲೂ ಚಿಕ್ಕದು. ನಾಲ್ಕೈದು ಗಂಟೆಯಲ್ಲಿ ಅಲಾಸ್ಕಾ ಕಡೆ ಬರುವ ಹೊತ್ತಿಗೆ ಮತ್ತೆ ಕತ್ತಲೆ. ಇಳಿಯುವಾಗಲೂ ಕತ್ತಲೆಯೇ. ಒಂದೇ ಪ್ರಯಾಣದಲ್ಲಿ ಎರಡು ರಾತ್ರಿ, ನಡುವೆ ಒಂದು ತುಂಡು ಹಗಲು. ಕಿಟಕಿ ಸೀಟು ಸಿಕ್ಕವರು ಈ ಹಗಲಲ್ಲಿ ಪರದೆ ಸರಿಸಿ ನೋಡಿ. ಅಕ್ಕಪಕ್ಕದವರು ಬಹುತೇಕ ಮಲಗಿರುತ್ತಾರೆ.

ಇಷ್ಟು ದೂರಕ್ಕೆ ಸಾಲುವಷ್ಟು ಇಂಧನ ಹೇಗೆ ಹೊರುತ್ತದೆ?

ಇದಕ್ಕಾಗಿಯೇ ಮಾಡಿಸಿದ ವಿಮಾನ ಇದೆ. ಏರ್‌ಬಸ್ ಎ350-900 ಯುಎಲ್‌ಆರ್ (ಅಲ್ಟ್ರಾ ಲಾಂಗ್ ರೇಂಜ್, ಅಂದರೆ ಬಹಳ ದೂರ ಹಾರುವಂಥದ್ದು). ಅಂಥವನ್ನು ಏಳು ಮಾತ್ರ ಮಾಡಿದ್ದಾರೆ, ಏಳೂ ಸಿಂಗಪುರ್ ಏರ್‌ಲೈನ್ಸ್ ಹತ್ತಿರವೇ ಇವೆ. ಶುರುವಿನ ಮಾಮೂಲಿ ಎ350-900ರಲ್ಲಿ 1,41,000 ಲೀಟರ್ ಇಂಧನ ಹಿಡಿಯುತ್ತಿದ್ದರೆ ಇದರಲ್ಲಿ 1,65,000 ಲೀಟರ್. ಹೆಚ್ಚುವರಿ ಟ್ಯಾಂಕ್ ಏನೂ ಇಟ್ಟಿಲ್ಲ. ಇರುವ ಟ್ಯಾಂಕುಗಳಲ್ಲೇ ಜಾಸ್ತಿ ತುಂಬುವ ಹಾಗೆ ಇಂಧನ ವ್ಯವಸ್ಥೆಯನ್ನು ಬದಲಿಸಿದ್ದಾರೆ.

ಟ್ಯಾಂಕ್ ಪೂರ್ತಿ ತುಂಬಿದರೆ ಇಂಧನದ್ದೇ 130 ಟನ್ ಆಸುಪಾಸು ಆಗುತ್ತದೆ. ಈ ವಿಮಾನ ಮೇಲೇರುವಾಗ ಇರಬಹುದಾದ ಗರಿಷ್ಠ ತೂಕ 280 ಟನ್. ಅಂದರೆ ಹತ್ತಿರ ಹತ್ತಿರ ಅರ್ಧ ತೂಕ ಇಂಧನ! ಬಹಳ ದೂರ ಹಾರುವ ವಿಮಾನದ ಕಷ್ಟ ಇದೇ. ಕೊನೆಯ ಗಂಟೆಗೆ ಬೇಕಾದ ಇಂಧನವನ್ನು ಮೊದಲ ಹದಿನೇಳು ಗಂಟೆ ಹೊತ್ತು ಸಾಗಬೇಕು. ಹೊರುವುದಕ್ಕೇ ಮತ್ತೆ ಇಂಧನ ಸುಡಬೇಕು.

ಹಾಗಾಗಿ ಬೇರೆ ತೂಕ ಕಡಿಮೆ ಮಾಡುತ್ತಾರೆ. ಇದರಲ್ಲಿ 161 ಸೀಟು ಮಾತ್ರ. 67 ಬಿಸಿನೆಸ್, 94 ಪ್ರೀಮಿಯಂ ಎಕಾನಮಿ. ಅದೇ ಕಂಪನಿ ದೂರದ ದಾರಿಗೆ ಬಳಸುವ ಮಾಮೂಲಿ ಎ350-900ರಲ್ಲಿ 253 ಸೀಟು ಇವೆ. ಸಾದಾ ಎಕಾನಮಿ ಇದರಲ್ಲಿ ಇಲ್ಲವೇ ಇಲ್ಲ. ಟಿಕೆಟ್ ದುಬಾರಿ ಅಂತ ಗೊಣಗುವ ಮೊದಲು ಈ ಲೆಕ್ಕವನ್ನೂ ನೋಡಬೇಕು.

ಈ ವಿಮಾನ ಹಿಂದೆಯೂ ಇತ್ತು, ನಿಂತುಹೋಗಿತ್ತು ಅಂತ ಕೇಳಿದ್ದೇನೆ.

ಸರಿ. 2004ರಲ್ಲಿ ಸಿಂಗಪುರ–ನೆವಾರ್ಕ್ ನಾನ್‌ಸ್ಟಾಪ್ ಶುರುವಾಗಿತ್ತು. ಆಗ ಬಳಸಿದ್ದು ಏರ್‌ಬಸ್ ಎ340-500. ನಾಲ್ಕು ಎಂಜಿನ್‌ಗಳ ವಿಮಾನ, ಇಂಧನ ಬಹಳ ಕುಡಿಯುತ್ತಿತ್ತು. ಇಂಧನದ ಬೆಲೆ ಏರಿದ ಮೇಲೆ 2008ರಲ್ಲಿ ಪೂರ್ತಿ ಬಿಸಿನೆಸ್ ಮಾಡಿ, ನೂರೇ ಸೀಟು ಇಟ್ಟು ನೋಡಿದರು. ಅದೂ ಗಿಟ್ಟಲಿಲ್ಲ. 2013ರ ನವೆಂಬರ್‌ನಲ್ಲಿ ನಿಲ್ಲಿಸಿದರು. ಎರಡೇ ಎಂಜಿನ್‌ನ, ಕಡಿಮೆ ಇಂಧನದ ಎ350 ಬಂದ ಮೇಲೆ 2018ರಲ್ಲಿ ಮತ್ತೆ ಶುರುವಾಯಿತು. ಕೆನಡಿಗೆ 2020ರ ನವೆಂಬರ್‌ನಿಂದ ಹಾರುತ್ತಿದೆ.

ಎರಡೇ ಎಂಜಿನ್ ಇಟ್ಟುಕೊಂಡು ಸಾಗರದ ಮೇಲೆ, ಧ್ರುವದ ಮೇಲೆ ಹಾರುವುದು ಅಪಾಯವಲ್ಲವಾ?

ಒಂದು ಎಂಜಿನ್ ನಿಂತರೂ ಇನ್ನೊಂದರಲ್ಲಿ ಹಾರುವ ಹಾಗೆಯೇ ಇವನ್ನು ಮಾಡಿರುತ್ತಾರೆ. ಒಂದೇ ಎಂಜಿನ್‌ನಲ್ಲಿ ಹಾರಿ ಎಷ್ಟು ಹೊತ್ತಿನೊಳಗೆ ಯಾವುದಾದರೂ ಏರ್‌ಪೋರ್ಟ್ ಮುಟ್ಟಬೇಕು ಅನ್ನುವುದಕ್ಕೆ ನಿಯಮ ಇದೆ. ಎ350-900ಕ್ಕೆ 2014ರಲ್ಲಿ ಯುರೋಪಿನ ನಿಯಂತ್ರಕರು 370 ನಿಮಿಷದವರೆಗೂ ಒಪ್ಪಿಗೆ ಕೊಟ್ಟರು. ಆರು ಗಂಟೆಗೂ ಹೆಚ್ಚು. ಅದರಿಂದ ಭೂಮಿಯ ಮೇಲೆ ಹಾರಲಾಗದ ಜಾಗ ಬಹಳ ಕಡಿಮೆ ಉಳಿಯಿತು.

ಧ್ರುವದ ಕಡೆ ತಲೆನೋವು ಬೇರೆ ಥರದ್ದು. ಮೊದಲನೆಯದು ಚಳಿ. ಅಮೆರಿಕದಲ್ಲಿ ಸಾಮಾನ್ಯವಾಗಿ ತುಂಬುವ ಜೆಟ್ ಎ ಇಂಧನಕ್ಕೆ ಹೆಪ್ಪುಗಟ್ಟುವ ಮಿತಿ ಮೈನಸ್ 40 ಡಿಗ್ರಿ. ಬೇರೆ ದೇಶಗಳಲ್ಲಿ ಸಿಗುವ ಜೆಟ್ ಎ-1ಕ್ಕೆ ಮೈನಸ್ 47. ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿರುತ್ತದೆ. ರೆಕ್ಕೆಯೊಳಗಿನ ಇಂಧನ ಗಂಟೆಗಟ್ಟಲೆ ಚಳಿಯಲ್ಲಿ ನಿಧಾನವಾಗಿ ತಣಿಯುತ್ತದೆ. ಮಿತಿಯ ಹತ್ತಿರ ಬಂದರೆ ಪೈಲಟ್ ಸ್ವಲ್ಪ ಕೆಳಗಿಳಿದು ಬೆಚ್ಚಗಿನ ಗಾಳಿ ಹುಡುಕುತ್ತಾರೆ, ಅಥವಾ ವೇಗ ಏರಿಸುತ್ತಾರೆ. ವೇಗ ಏರಿದರೆ ಗಾಳಿಯ ತಿಕ್ಕಾಟದಿಂದ ರೆಕ್ಕೆ ಕೊಂಚ ಬಿಸಿಯಾಗುತ್ತದೆ.

ಎರಡನೆಯದು ಸಂಪರ್ಕ. ಸಮಭಾಜಕದ ಮೇಲೆ ನಿಂತಂತಿರುವ ಉಪಗ್ರಹಗಳು ಸುಮಾರು 82 ಡಿಗ್ರಿ ಅಕ್ಷಾಂಶ ದಾಟಿದ ಮೇಲೆ ಕೈಗೆ ಸಿಗುವುದಿಲ್ಲ. ಅಲ್ಲಿ ದೂರಕ್ಕೆ ಹೋಗುವ ಹಳೆಯ ಕಾಲದ ರೇಡಿಯೋ ಬೇಕು. ಸೂರ್ಯನಲ್ಲಿ ದೊಡ್ಡ ಸ್ಫೋಟವಾದಾಗ ಆ ರೇಡಿಯೋವೂ ಕೆಡುತ್ತದೆ. ಅಂಥ ದಿನ ಧ್ರುವದ ದಾರಿಯನ್ನು ಬಿಟ್ಟು ದಕ್ಷಿಣದಿಂದ ಹೋಗುತ್ತಾರೆ.

ದೇಶಗಳು ತಮ್ಮ ಆಕಾಶ ಮುಚ್ಚಿದರೆ ಹೊತ್ತು ಎಷ್ಟು ಬದಲಾಗುತ್ತದೆ?

ಬಹಳ ಬದಲಾಗುತ್ತದೆ. ಇದಕ್ಕೆ ಅತಿ ಒಳ್ಳೆಯ ಉದಾಹರಣೆ ಬೇರೆ ದಾರಿಯದು. ಹೆಲ್ಸಿಂಕಿಯಿಂದ ಟೋಕಿಯೋಗೆ ಸೈಬೀರಿಯಾ ಮೇಲೆ ಒಂಬತ್ತೂವರೆ ಗಂಟೆ ಸಾಕಾಗುತ್ತಿತ್ತು. 2022ರಲ್ಲಿ ಯುರೋಪಿನ ವಿಮಾನಗಳಿಗೆ ರಷ್ಯಾ ಆಕಾಶ ಮುಚ್ಚಿದ ಮೇಲೆ ಅದು ಸುಮಾರು ಹದಿಮೂರು ಗಂಟೆಯಾಯಿತು. ಊರುಗಳು ಎಲ್ಲಿದ್ದವೋ ಅಲ್ಲೇ ಇವೆ, ದೂರದ ಪಟ್ಟಿಯಲ್ಲಿ ಅದೇ ಸಂಖ್ಯೆ.

2024ರ ಏಪ್ರಿಲ್‌ನಲ್ಲಿ ಇನ್ನೊಂದು ನಡೆಯಿತು. ಪರ್ತ್‌ನಿಂದ ಲಂಡನ್‌ಗೆ ಸುಮಾರು 14,500 ಕಿ.ಮೀ. ನೇರ ಹಾರುವ, ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿಯ ವಿಮಾನ ಇರಾನ್ ಸುತ್ತಮುತ್ತಲಿನ ಆಕಾಶ ತಪ್ಪಿಸಬೇಕಾಯಿತು. ಸುತ್ತಿ ಹೋಗಲು ಇಂಧನ ಸಾಲದೆ ಸಿಂಗಪುರದಲ್ಲಿ ಇಳಿದು ತುಂಬಿಸಿಕೊಂಡು ಹೋಗತೊಡಗಿತು. ಲಂಡನ್‌ನಿಂದ ಪರ್ತ್‌ಗೆ ಬರುವ ವಿಮಾನ ಮಾತ್ರ ಎಂದಿನಂತೆ ಎಲ್ಲೂ ನಿಲ್ಲದೆ ಬಂತು. ಬರುವಾಗ ಗಾಳಿ ಬೆನ್ನಿಗಿತ್ತಲ್ಲ.

ನಾನ್‌ಸ್ಟಾಪ್ ಮತ್ತು ಡೈರೆಕ್ಟ್ ಒಂದೇನಾ?

ಅಲ್ಲ. ನಾನ್‌ಸ್ಟಾಪ್ ಅಂದರೆ ನಡುವೆ ಇಳಿಯುವುದೇ ಇಲ್ಲ. ಡೈರೆಕ್ಟ್ ಅಂದರೆ ವಿಮಾನದ ನಂಬರ್ ಒಂದೇ, ಆದರೆ ನಡುವೆ ಇಳಿಯಬಹುದು. ಸಿಂಗಪುರದಿಂದ ಫ್ರಾಂಕ್‌ಫರ್ಟ್ ಮೂಲಕ ಕೆನಡಿಗೆ ಹೋಗುವ ವಿಮಾನ ಇಂಥದ್ದು. ಸಿಂಗಪುರ–ಫ್ರಾಂಕ್‌ಫರ್ಟ್ ಸುಮಾರು 10,300 ಕಿ.ಮೀ., ಫ್ರಾಂಕ್‌ಫರ್ಟ್–ನ್ಯೂಯಾರ್ಕ್ ಸುಮಾರು 6,200. ಒಟ್ಟು 16,500. ನೇರ ದೂರಕ್ಕಿಂತ ಸಾವಿರ ಚಿಲ್ಲರೆ ಕಿ.ಮೀ. ಅಷ್ಟೇ ಜಾಸ್ತಿ. ಹೊತ್ತು ಮಾತ್ರ ಒಟ್ಟು 24 ಗಂಟೆಯ ಆಸುಪಾಸು.

ಎರಡರಲ್ಲಿ ಯಾವುದು ಒಳ್ಳೆಯದು ಅಂದರೆ, ನಿದ್ದೆ ಬರುವವರಿಗೆ ನಾನ್‌ಸ್ಟಾಪ್. ಕೂತಲ್ಲೇ ಕಾಲು ಊದುವವರಿಗೆ, ಸಾದಾ ಎಕಾನಮಿ ಟಿಕೆಟ್ ಬೇಕಾದವರಿಗೆ ನಡುವೆ ಇಳಿಯುವುದೇ ವಾಸಿ. ಆರು ಗಂಟೆ ಉಳಿಸಲು ಎಷ್ಟು ದುಡ್ಡು ಕೊಡಬಹುದು ಅನ್ನುವುದನ್ನು ನೀವೇ ನಿರ್ಧರಿಸಬೇಕು.

ಕೆನಡಿನಾ, ನೆವಾರ್ಕಾ?

ದೂರದಲ್ಲಿ, ಹೊತ್ತಿನಲ್ಲಿ ವ್ಯತ್ಯಾಸವಿಲ್ಲ. ಇಳಿದ ಮೇಲೆ ನೀವು ಹೋಗಬೇಕಾದ ಜಾಗ ಯಾವ ಕಡೆ ಇದೆ ನೋಡಿ. ಕ್ವೀನ್ಸ್, ಬ್ರೂಕ್ಲಿನ್, ಲಾಂಗ್ ಐಲ್ಯಾಂಡ್ ಆದರೆ ಕೆನಡಿ. ನ್ಯೂಜೆರ್ಸಿ ಆದರೆ ನೆವಾರ್ಕ್.

ಪೈಲಟ್‌ಗಳು ಹದಿನೆಂಟು ಗಂಟೆ ಎಚ್ಚರ ಇರುತ್ತಾರಾ?

ಇಲ್ಲ. ಇಂಥ ವಿಮಾನದಲ್ಲಿ ಸಾಮಾನ್ಯವಾಗಿ ನಾಲ್ವರು ಪೈಲಟ್‌ಗಳಿರುತ್ತಾರೆ. ಪಾಳಿಯ ಮೇಲೆ ಹೋಗಿ ಮಲಗುತ್ತಾರೆ. ಅವರಿಗೂ ಉಳಿದ ಸಿಬ್ಬಂದಿಗೂ ಪ್ರಯಾಣಿಕರ ಕಣ್ಣಿಗೆ ಬೀಳದ ಕಡೆ ಮಲಗುವ ಜಾಗ ಇರುತ್ತದೆ.

ಜೆಟ್ ಲ್ಯಾಗ್ (ಗಡಿಯಾರ ಬದಲಾಗಿ ನಿದ್ದೆ ಕೆಡುವುದು) ಯಾವ ಕಡೆ ಹೋದರೆ ಜಾಸ್ತಿ?

ಮಾಮೂಲಿಯಾಗಿ ಪೂರ್ವಕ್ಕೆ ಹೋದರೆ ಕಷ್ಟ ಜಾಸ್ತಿ ಅನ್ನುತ್ತಾರೆ. ಈ ಎರಡು ಊರುಗಳಿಗೆ ಆ ಮಾತು ಅನ್ವಯಿಸುವುದಿಲ್ಲ. ಹನ್ನೆರಡು ಗಂಟೆ ಅಂತರ ಅಂದರೆ ಹಗಲು ರಾತ್ರಿ ಪೂರ್ತಿ ಅದಲುಬದಲು. ಮುಂದಕ್ಕೆ ತಿರುಗಿಸಿದರೂ ಹಿಂದಕ್ಕೆ ತಿರುಗಿಸಿದರೂ ಗಡಿಯಾರದ ಮುಳ್ಳು ಅಲ್ಲೇ ಬರುತ್ತದೆ. ದೇಹ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಹೊಂದಿಕೊಳ್ಳುತ್ತದೆ ಅನ್ನುವುದು ಒರಟು ಲೆಕ್ಕ. ಮೂರು ದಿನದ ಕೆಲಸಕ್ಕೆ ಹೋಗುವವರು ಹೊಂದಿಕೊಳ್ಳುವ ಆಸೆಯನ್ನೇ ಬಿಟ್ಟು, ಮುಖ್ಯ ಮೀಟಿಂಗ್‌ಗಳನ್ನು ತಮ್ಮ ದೇಹ ಎಚ್ಚರವಾಗಿರುವ ಹೊತ್ತಿಗೆ ಇಟ್ಟುಕೊಳ್ಳುವುದು ಜಾಣತನ.

ಇದಕ್ಕಿಂತ ಉದ್ದದ ವಿಮಾನ ಬರುತ್ತದಾ?

ಬರುವುದರಲ್ಲಿದೆ. ಸಿಡ್ನಿಯಿಂದ ಲಂಡನ್‌ಗೆ, ಸುಮಾರು 17,000 ಕಿ.ಮೀ., ನಾನ್‌ಸ್ಟಾಪ್ ಹಾರಿಸಲು ಕ್ವಾಂಟಾಸ್ ಸಿದ್ಧತೆ ಮಾಡಿಕೊಂಡಿದೆ. ಅದಕ್ಕಾಗಿ ಏರ್‌ಬಸ್ ಎ350-1000 ಮಾಡಿಸುತ್ತಿದೆ. 2027ರಲ್ಲಿ ಶುರು ಮಾಡುವ ಯೋಜನೆ. ಇಪ್ಪತ್ತು ಗಂಟೆಗೂ ಹೆಚ್ಚು ಹೊತ್ತು ಹಿಡಿಯಬಹುದು. 2019ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಿಂದ ಸಿಡ್ನಿಗೆ ಪರೀಕ್ಷೆಗೆ ಅಂತ 49 ಜನರನ್ನು ಮಾತ್ರ ಕೂರಿಸಿಕೊಂಡು 19 ಗಂಟೆ 16 ನಿಮಿಷ ಹಾರಿಸಿ ನೋಡಿದ್ದರು.

ಆದರೆ ಹೊತ್ತಿನ ದಾಖಲೆಯ ಮಾತು ಬಂದರೆ ಇವು ಯಾವುವೂ ಲೆಕ್ಕಕ್ಕಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರಿಂದ 1945ರವರೆಗೆ, ಪರ್ತ್‌ನಿಂದ ಸಿಲೋನಿನ (ಈಗಿನ ಶ್ರೀಲಂಕಾ) ಕೊಗ್ಗಾಲ ಸರೋವರಕ್ಕೆ ಕ್ಯಾಟಲಿನಾ ಅನ್ನುವ ನೀರಿನ ಮೇಲೆ ಇಳಿಯುವ ವಿಮಾನಗಳು ಹಾರುತ್ತಿದ್ದವು. ದೂರ ಸುಮಾರು 5,600 ಕಿ.ಮೀ. ಮಾತ್ರ. ಹೊತ್ತು 27ರಿಂದ 33 ಗಂಟೆ. ದಾರಿಯಲ್ಲಿ ಎರಡು ಸಲ ಸೂರ್ಯೋದಯ ನೋಡುತ್ತಿದ್ದರು. ಶತ್ರುಗಳಿಗೆ ಗೊತ್ತಾಗಬಾರದೆಂದು ರೇಡಿಯೋ ಬಾಯಿ ಮುಚ್ಚಿಕೊಂಡೇ ಇರುತ್ತಿತ್ತು, ದಾರಿ ತೋರಿಸಲು ನಕ್ಷತ್ರಗಳೇ ಗತಿ.